ಕಂಕುಳ ಹೊಲಿಗೆ

ಎಲ್ಲವೂ ಒಂದೇ ಜಾಗದಲ್ಲಿ ಹರಿದಿದ್ದವು. ಸಂಗೀತದ ಮೇಷ್ಟ್ರು ಚೀಲದಿಂದ ಫ್ರಾಕುಗಳನ್ನು ಒಂದೊಂದಾಗಿ ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡುತ್ತಿದ್ದರೆ, ಟೈಲರಮ್ಮ ಕೊರಳಲ್ಲಿದ್ದ ಅಳತೆಟೇಪಿನ ಎರಡೂ ತುದಿ ಹಿಡಿದುಕೊಂಡು ನೋಡುತ್ತಾ ನಿಂತಿದ್ದಳು. ತಿಳಿನೀಲಿ ಬಟ್ಟೆ, ಬಿಳಿ ಕಾಲರು, ಒಂದೂ ಸುಕ್ಕಿಲ್ಲದ ಇಸ್ತ್ರಿ. ಕಂಕುಳು ಮಾತ್ರ ಎರಡೂ ಕಡೆ ಬಾಯಿ ಬಿಟ್ಟುಕೊಂಡಿದ್ದವು.

"ಬೇಜಾರು ಮಾಡ್ಕೋಬೇಡಿ ಅಮ್ಮಾ," ಎಂದರು ಮೇಷ್ಟ್ರು, ತಪ್ಪು ತಮ್ಮದೇ ಎನ್ನುವಂಥ ದನಿಯಲ್ಲಿ. "ನಿಂತು ಹಾಡೋವರೆಗೂ ಎಲ್ಲಾ ಚೆನ್ನಾಗೇ ಇತ್ತು. ಕೊನೇ ಸಾಲಿಗೆ ಎಲ್ರೂ ಕೈ ಮೇಲೆತ್ತಬೇಕು. ಎತ್ತಿದ್ರು ನೋಡಿ, ಪರ್ ಪರ್ ಅಂತ ಶುರುವಾಯ್ತು. ಒಬ್ಬಳು ಕಿಸಕ್ ಅಂದಳು. ಆಮೇಲೆ ಹಾಡು ಎಲ್ಲೋ, ಮಕ್ಕಳು ಎಲ್ಲೋ."

ಕಿಟಕಿಯ ಪಕ್ಕ ಕೂತಿದ್ದ ಕಾಜಾ ಅಕ್ಕ ಮುಖ ತಗ್ಗಿಸಿ ನಗು ನುಂಗಿದಳು. ಗುಂಡಿ ಹಚ್ಚುವುದು, ಗುಂಡಿಗೆ ಕಾಜಾ ಮಾಡುವುದು ಅವಳ ಕೆಲಸ. ಬಾಯಿಗೆ ಮಾತ್ರ ಇದುವರೆಗೆ ಯಾರೂ ಗುಂಡಿ ಹಚ್ಚಿರಲಿಲ್ಲ. ಆದರೂ ಟೈಲರಮ್ಮನ ಮುಖ ನೋಡಿ ಈ ಸಲ ಸುಮ್ಮನಿದ್ದಳು. ಹೊಲಿದು ಕೊಟ್ಟ ಬಟ್ಟೆ ಈ ಅಂಗಡಿಗೆ ವಾಪಸ್ಸು ಬಂದದ್ದೇ ಇಲ್ಲ. ಮಕ್ಕಳ ಬಟ್ಟೆಗೆ ಇವಳದೇ ಕೈಗುಣ ಎಂದು ಊರ ಆ ತುದಿಯಿಂದ ತಾಯಂದಿರು ಹುಡುಕಿಕೊಂಡು ಬರುತ್ತಿದ್ದರು.

ಕಾರ್ಯಕ್ರಮಕ್ಕೆ ಇನ್ನೂ ಸಮಯವಿದೆ, ಸರಿ ಮಾಡಿ ಕೊಟ್ಟರೆ ಸಾಕು ಎಂದು ಹೇಳಿ ಮೇಷ್ಟ್ರು ಹೋದರು. ಟೈಲರಮ್ಮ ಮೊದಲು ದಾರವನ್ನು ಅನುಮಾನಿಸಿದಳು. ಬೆರಳಿಗೆ ಸುತ್ತಿ ಎಳೆದಳು. ಬೆರಳು ಕೆಂಪಾಯಿತೇ ವಿನಾ ದಾರ ಕಡಿಯಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮಿಷನ್ನಿನ ಸೂಜಿ ಬಿಚ್ಚಿ ಮತ್ತೆ ಹಾಕಿದಳು.

"ಪಾಪ, ಆ ಮಿಷನ್ ಏನ್ ಮಾಡ್ತು ನಿಂಗೆ," ಎಂದಳು ಕಾಜಾ ಅಕ್ಕ, ಇನ್ನು ತಡೆಯಲಾರದೆ. "ಬಿಗಿ ಆಗಿದೆ ಅಷ್ಟೇ. ನಿನ್ ಮಗಳು ಬುಗುರಿಗೆ ತೊಡಿಸಿ ನೋಡಿದ್ಯೋ ಇಲ್ವೋ?"

"ನೋಡಿದೀನಿ ಅಕ್ಕ. ಅಷ್ಟು ಚೆಂದ ಇನ್ಯಾವ ಬಟ್ಟೆನೂ ಕೂತಿಲ್ಲ ಅವಳಿಗೆ."

ಹೇಳುತ್ತಿದ್ದಂತೆಯೇ ಅವಳಿಗೆ ಏನೋ ಹೊಳೆಯಿತು. ಎದ್ದುಹೋಗಿ, ಒರೆಸುವ ಬಟ್ಟೆಗೆಂದು ತೆಗೆದಿಟ್ಟಿದ್ದ ಹಳೆಯ ರಾಶಿಯಿಂದ ಮಗಳ ಹೋದ ವರ್ಷದ ಹಳದಿ ಫ್ರಾಕನ್ನು ಎಳೆದಳು. ಅದು ಹಿಂದೆ ಒಂದು ದೊಡ್ಡ ಆರ್ಡರಿಗೆ ಮೊದಲು ಹೊಲಿದು ನೋಡಿದ ಫ್ರಾಕು. ಒಳಗಡೆ ತಿರುಗಿಸಿದಳು. ಕಂಕುಳ ಕೆಳಗೆ ಅಂಗೈಯಗಲದ ಒಂದು ಚೌಕ ತುಂಡು, ಸೇರಿಸಿ ಹೊಲಿದದ್ದು. ಕೈ ಎತ್ತಿದರೆ ಬಿಚ್ಚಿಕೊಳ್ಳುವ, ಇಳಿಸಿದರೆ ಮಡಚಿಕೊಂಡು ಕಾಣದಂತಾಗುವ ತುಂಡು. ಅದನ್ನು ಕೈಯಲ್ಲಿ ಹಿಡಿದು ಅವಳು ಮಿಷನ್ನಿನ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಅಳತೆಗೆ ನಿಲ್ಲುವ ಮಗು ಮನೆಯಲ್ಲೇ ಇದೆ, ಇವಳಿಗೇನು ಕಷ್ಟ ಎಂದು ಬೇರೆ ಟೈಲರುಗಳು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವರಿಗೇನು ಗೊತ್ತು ಇವಳ ಪಾಡು! ಬುಗುರಿಗೆ ಬಟ್ಟೆ ತೊಡಿಸಿ ಗುಂಡುಸೂಜಿ ಚುಚ್ಚುವುದೆಂದರೆ ಓಡುವ ಬಸ್ಸಿಗೆ ಬಣ್ಣ ಬಳಿದ ಹಾಗೆ. "ನಿಲ್ಲೇ" ಎನ್ನುವಷ್ಟರಲ್ಲಿ ಅವಳು ಬಾಗಿಲ ಚೌಕಟ್ಟು ಹತ್ತಿ ಬಾವಲಿಯಾಗಿರುತ್ತಿದ್ದಳು. ಇಳಿಸಿದರೆ ಟ್ರಾಫಿಕ್ ಪೊಲೀಸು; ಹೊಗೆ ಬಿಟ್ಟಿತೆಂದು ಇಸ್ತ್ರಿಪೆಟ್ಟಿಗೆಗೆ ದಂಡ ಹಾಕುತ್ತಿದ್ದಳು, ಕಾಜಾ ಅಕ್ಕನನ್ನು ದಾರಿಗೆ ಅಡ್ಡ ನಿಲ್ಲಿಸಿದ ಲಾರಿಯೆಂದು ತಳ್ಳುತ್ತಿದ್ದಳು. ಹೀಗೆ ಹಾರಿ ಕುಣಿದು ನೇತಾಡುವಾಗ ಫ್ರಾಕು ಎಲ್ಲೋ ಒಂದು ಕಡೆ ಪರ್ ಎನ್ನುತ್ತಿತ್ತು. ಟೈಲರಮ್ಮ ಬೈದುಕೊಂಡೇ ಅಲ್ಲಿಗೊಂದು ತುಂಡು ಸೇರಿಸುತ್ತಿದ್ದಳು, ಆಮೇಲೆ ಆರ್ಡರಿನ ಎಲ್ಲ ಬಟ್ಟೆಗೂ ಅದೇ ತುಂಡು ಹೋಗುತ್ತಿತ್ತು. ಊರವರು ಕೈಗುಣ ಎನ್ನುತ್ತಿದ್ದರು. ಅವಳೂ ಹಾಗೆಂದೇ ನಂಬಿದ್ದಳು.

ಬುಗುರಿಯ ಆ ಚಡಪಡಿಕೆಗೆ ಒಂದು ಹೆಸರು ಹಚ್ಚುವ ಮಾತು ಮೊದಲು ಬಂದದ್ದು ಶಾಲೆಯಿಂದ. ಕ್ಲಾಸ್ ಟೀಚರ್ ಕೆಟ್ಟವರಲ್ಲ, ದಣಿದವರು. ಒಂದು ಕೋಣೆಯಲ್ಲಿ ಅಷ್ಟೊಂದು ಮಕ್ಕಳನ್ನು ತುಂಬಿಸಿ ಕೈಗೊಂದು ಚಾಕ್‌ಪೀಸು ಕೊಟ್ಟರೆ ಯಾರಾದರೂ ದಣಿಯುತ್ತಾರೆ. "ಬುದ್ಧಿ ಬೇಕಾದಷ್ಟಿದೆ, ಕೂರೋದೊಂದು ಬರಲ್ಲ," ಎಂದಿದ್ದರು. "ಮೊನ್ನೆ ಕೂಡೋ ಲೆಕ್ಕ ಕೊಟ್ರೆ, ಏಳಕ್ಕೂ ಎಂಟಕ್ಕೂ ಜಗಳ ಆಗಿದೆ ಟೀಚರ್, ಅವೆರಡೂ ಒಟ್ಟಿಗೆ ಸೇರಲ್ಲ ಅಂತಾಳೆ. ಇಡೀ ಕ್ಲಾಸು ನಗ್ತಾ ಕೂತಿತ್ತು. ಒಂದ್ಸಲ ಡಾಕ್ಟರಿಗೆ ತೋರಿಸಿ."

ಬುಗುರಿಯ ಅಪ್ಪ ಬಸ್ ಕಂಡಕ್ಟರು. ಹಗಲೆಲ್ಲ ಊರವರಿಗೆ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುವವನು ಮನೆಗೆ ಬಂದರೆ ಕುರ್ಚಿಯಿಂದ ಒಂದಿಂಚು ಮುಂದೆ ಹೋಗುತ್ತಿರಲಿಲ್ಲ. "ನಾನೂ ಚಿಕ್ಕೋನಿದ್ದಾಗ ಹಂಗೇ ಇದ್ದೆ, ಡಾಕ್ಟರೂ ಬೇಡ ಗೀಕ್ಟರೂ ಬೇಡ," ಎಂದ.

"ಅದಕ್ಕೇ ನಂಗೆ ಭಯ," ಎಂದಳು ಹೆಂಡತಿ.

ನಕ್ಕು ಬಿಟ್ಟಿದ್ದ ಮಾತು ಅದು. ಆದರೆ ಆಮೇಲೆ ಪ್ಯಾರಾಚೂಟಿನ ಪ್ರಕರಣವಾಯಿತು. ಗಿರಾಕಿಯೊಬ್ಬರ ಕೋಟಿನ ಒಳಪದರಕ್ಕೆಂದು ತಂದಿಟ್ಟ ಹೊಳೆಯುವ ಅಸ್ತರಿನ ಬಟ್ಟೆಯನ್ನು ಬುಗುರಿ ದುಂಡಗೆ ಕತ್ತರಿಸಿ, ಸುತ್ತ ದಾರ ಕಟ್ಟಿ, ಗೊಂಬೆಗೆ ಬಿಗಿದು ಮಹಡಿಯಿಂದ ಬಿಟ್ಟಳು. ಬಹಳ ಚೆನ್ನಾಗಿ ಹಾರಿತೆಂದು ಬೀದಿಯವರೆಲ್ಲ ಹೇಳಿದರು. ಹಾರಿದ್ದನ್ನು ತೋರಿಸಲು ಕುಣಿಯುತ್ತಾ ಬಂದ ಮಗಳಿಗೆ ಟೈಲರಮ್ಮ ಕೆನ್ನೆಗೊಂದು ಕೊಟ್ಟಳು. "ಕೆಟ್ಟ ಹುಡುಗಿ! ನೀನು ಕೆಟ್ಟ ಹುಡುಗಿ! ನಿನ್ನಿಂದ ನನಗೆ ಒಂದು ಗಳಿಗೆ ನೆಮ್ಮದಿ ಇಲ್ಲ!" ಮಾರನೆಯ ದಿನವೇ ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ನಿಧಾನದ ಮನುಷ್ಯ. ತುಂಬ ಹೊತ್ತು ಕೇಳಿದರು, ಮಗುವಿನ ಜೊತೆ ಮಾತಾಡಿದರು, ಕಡೆಗೆ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರೊಂದನ್ನು ಹೇಳಿದರು. ಗಮನ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ ಎಂದು ಅದರ ಅರ್ಥ. "ಕೆಲವು ಮಕ್ಕಳಿಗೆ ಮಾತ್ರೆಯಿಂದ ನಿಜವಾಗ್ಲೂ ತುಂಬಾ ಅನುಕೂಲ ಆಗುತ್ತೆ. ಇವಳಿಗೆ ಬೇಕೇ ಬೇಕು ಅಂತ ಈಗಲೇ ಹೇಳಕ್ಕಾಗಲ್ಲ. ಸ್ವಲ್ಪ ದಿನ ಸುಮ್ನೆ ನೋಡೋಣ ಬೇಕಾದ್ರೆ," ಎಂದರು. ನೋಡುವ ತಾಳ್ಮೆ ಯಾರಿಗಿತ್ತು? ಇಷ್ಟು ದಿನ ತನ್ನ ಬೆಳೆಸುವಿಕೆಯದೇ ತಪ್ಪು ಎಂದು ಒಳಗೊಳಗೇ ಕೊರಗುತ್ತಿದ್ದ ಟೈಲರಮ್ಮನಿಗೆ, ತಪ್ಪಿಗೊಂದು ಹೆಸರಿದೆ, ಆ ಹೆಸರು ತನ್ನದಲ್ಲ ಎಂದು ತಿಳಿದು ಮೈಮೇಲಿನ ಭಾರ ಇಳಿದಂತಾಗಿತ್ತು. "ಈಗಲೇ ಕೊಡಿ ಸಾರ್," ಎಂದಿದ್ದಳು.

ಮನೆ ತಣ್ಣಗಾಯಿತು. ಬುಗುರಿ ಕೂತು ಬರೆದಳು, ಕರೆದರೆ ಬಂದಳು, ಹಾಕಿದ್ದನ್ನು ಹಾಕಿದಷ್ಟು ತಿಂದಳು, ಕೆಲವು ದಿನ ಅದನ್ನೂ ಬಿಟ್ಟಳು. ಕತ್ತರಿಸಿ ಉಳಿದ ಚೂರು ಬಟ್ಟೆ ಮೇಜಿನ ಕೆಳಗೆ ರಾಶಿ ಬಿದ್ದಿತು, ಕೇಳುವವರಿಲ್ಲ. ಟೀಚರ್ ಫೋನು ಮಾಡಿ ಹೊಗಳಿದರು. ಅಂಗಡಿಯಲ್ಲಿ ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯತೊಡಗಿತು. ಇದನ್ನು ಒಪ್ಪಿಕೊಳ್ಳಬೇಕು: ಆ ತಣ್ಣಗಿನ ಮನೆ ಟೈಲರಮ್ಮನಿಗೆ ಬಹಳ ಹಿಡಿಸಿತ್ತು. ಮತ್ತೆ ಹೋದಾಗ ಡಾಕ್ಟರು, "ಮನೇಲಿ ಆಟ ಹೇಗಿದೆ? ನಗು, ಹಸಿವು?" ಎಂದು ಕೇಳಿದ್ದರು. ಅವಳು ಹೆಮ್ಮೆಯಿಂದ, "ಈಗ ಹೇಳಿದ್ಹಾಗೆ ಕೇಳ್ತಾಳೆ ಸಾರ್. ಇದ್ದಾಳೋ ಇಲ್ವೋ ಅನ್ನೋ ಹಾಗಿದ್ದಾಳೆ," ಎಂದಿದ್ದಳು. ಡಾಕ್ಟರು ಪೆನ್ನು ಕೆಳಗಿಟ್ಟು ಒಂದು ಕ್ಷಣ ಅವಳ ಮುಖ ನೋಡಿದ್ದರು. ಅವಳು ಅದನ್ನು ಮೆಚ್ಚುಗೆ ಎಂದುಕೊಂಡು, "ಎಲ್ಲಾ ಚೆನ್ನಾಗಿದೆ ಸಾರ್" ಎಂದು ಸೇರಿಸಿದ್ದಳು.

ಸಂಗೀತದ ಮೇಷ್ಟ್ರ ಆರ್ಡರು ಬಂದದ್ದು ಆಗ. ಮೊದಲ ಫ್ರಾಕು ತೊಡಿಸಿದಾಗ ಬುಗುರಿ ಅಂಗಡಿ ಕಿಟಕಿಯ ಗೊಂಬೆಯಂತೆ ನಿಂತಳು. ಗುಂಡುಸೂಜಿಗಳು ನೆಟ್ಟಗೆ ಹೋದವು. ಎಲ್ಲೂ ಸುಕ್ಕಿಲ್ಲ, ಎಲ್ಲೂ ಎಳೆತವಿಲ್ಲ, ಎಲ್ಲೂ ಹರಿಯಲಿಲ್ಲ. ಟೈಲರಮ್ಮ ಸಂತೋಷದಿಂದ ಅದೇ ಮಾದರಿಯಲ್ಲಿ ಎಲ್ಲವನ್ನೂ ಕತ್ತರಿಸಿದಳು.

"ಅಕ್ಕ," ಎಂದಳು ಈಗ, ಹಳದಿ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು. "ಬುಗುರಿ ಮೊನ್ನೆ ಕೈ ಎತ್ತಲೇ ಇಲ್ಲ."

"ನೀನು ಎತ್ತು ಅಂದಿರ್ಲಿಲ್ಲ."

"ಮುಂಚೆ ಹೇಳ್ಬೇಕಿತ್ತಾ?"

ಕಾಜಾ ಅಕ್ಕ ದಾರವನ್ನು ಹಲ್ಲಿನಿಂದ ಕಡಿದು ಸುಮ್ಮನಾದಳು. ಬಾಯಿಗೆ ಬಂದದ್ದನ್ನು ಆಡಿಯೇ ಬಿಡುವ ಹೆಂಗಸು ಸುಮ್ಮನಾದದ್ದು ಟೈಲರಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಎಷ್ಟು ತಿಂಗಳಿಂದ ತನ್ನ ಮಗು ತಾನಾಗಿ ಕೈ ಎತ್ತಿಲ್ಲ? ಅವಳಿಗೆ ನೆನಪಾಗಲಿಲ್ಲ. ನೆನಪಾಗದ್ದಕ್ಕೆ ಅಳು ಬಂತು.

ಅವಳು ಮತ್ತೆ ಕೆಲಸಕ್ಕೆ ಕೂತು, ಹರಿದ ಫ್ರಾಕುಗಳಲ್ಲಿ ಒಂದಕ್ಕೆ ತುಂಡು ಸೇರಿಸಿ ಹೊಲಿದು ಮುಗಿಸುವ ಹೊತ್ತಿಗೆ ಬುಗುರಿ ಶಾಲೆಯಿಂದ ಬಂದಳು. ಚಪ್ಪಲಿಯನ್ನು ಜೋಡಿಸಿಟ್ಟಳು, ಕೈಕಾಲು ತೊಳೆದಳು, ಯಾರೂ ಹೇಳದೆ ಪುಸ್ತಕ ತೆರೆದು ಮೂಲೆಯಲ್ಲಿ ಕೂತಳು. ಕಾಜಾ ಅಕ್ಕ ಬೇಕೆಂದೇ ಕಾಲು ಚಾಚಿ ದಾರಿಗೆ ಅಡ್ಡ ಕೂತಿದ್ದಳು. ಮಗು "ಸ್ವಲ್ಪ ದಾರಿ ಬಿಡಿ ಅಜ್ಜಿ" ಎಂದು ಬದಿಯಿಂದ ದಾಟಿ ಹೋಗಿತ್ತು.

"ಬುಗುರಿ, ಇದನ್ನೊಂದ್ಸಲ ಹಾಕ್ಕೊಂಡು ತೋರಿಸು ಬಾ ಚಿನ್ನ."

ಬಂದಳು. ಹಾಕಿಕೊಂಡಳು. ನೆಟ್ಟಗೆ ನಿಂತಳು.

"ಕೈ ಎತ್ತು."

"ಎಷ್ಟು ಎತ್ಬೇಕು?"

"ನಿಂಗೆಷ್ಟು ಬೇಕೋ ಅಷ್ಟು."

ಮಗು ಅಮ್ಮನ ಮುಖವನ್ನೇ ನೋಡಿತು, ಸರಿಯುತ್ತರ ಅಲ್ಲೆಲ್ಲೋ ಬರೆದಿದೆ ಎನ್ನುವಂತೆ. ಆಮೇಲೆ ಎರಡೂ ಕೈಯನ್ನು ಒಂದೇ ಸಮ ನೆಟ್ಟಗೆ ಮೇಲೆತ್ತಿತು. ಹೊಲಿಗೆ ಬಿಡಲಿಲ್ಲ.

"ಒಂದು ಸುತ್ತು ತಿರುಗೇ. ಕುಣಿ, ಹಾರು, ಏನಾದ್ರೂ ಮಾಡು. ನಾನು ಬೈಯಲ್ಲ."

"ಏನು ಮಾಡ್ಲಿ ಅಂತ ನೀನೇ ಹೇಳಮ್ಮ."

ಟೈಲರಮ್ಮ ಮಂಡಿಯೂರಿ ಮಗಳ ಸೊಂಟ ಹಿಡಿದುಕೊಂಡಳು. ಫ್ರಾಕಿನೊಳಗೆ ಮೈ ಸೊರಗಿದ್ದು ಕೈಗೆ ತಿಳಿಯಿತು. "ನಾಳೆ ಡಾಕ್ಟರ ಹತ್ರ ಹೋಗೋಣ ಪುಟ್ಟಾ. ಮಾತ್ರೆ ಕಮ್ಮಿ ಮಾಡಕ್ಕಾಗುತ್ತಾ, ನಿಲ್ಸಕ್ಕಾಗುತ್ತಾ ಅಂತ ಕೇಳೋಣ. ನೀನು ಮೊದಲಿನ ಹಾಗೆ ಆಡ್ಕೊಂಡಿರು. ಆಯ್ತಾ?"

ಬುಗುರಿಯ ಕಣ್ಣುಗಳು ಅಗಲವಾದವು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಏನೋ ಓಡಾಡಿತು. ಅದು ಭಯ.

"ಬೇಡಮ್ಮ, ನಿಲ್ಸಬೇಡ," ಎಂದಿತು ಮಗು. "ನಿಲ್ಸಿದ್ರೆ ನಾನು ಮತ್ತೆ ಕೆಟ್ಟ ಹುಡುಗಿ ಆಗ್ಬಿಡ್ತೀನಿ. ಈಗ ಟೀಚರ್ ನನ್ನ ಮುಂದಿನ ಬೆಂಚಲ್ಲಿ ಕೂರಿಸ್ತಾರೆ. ನೀನೂ ಹೊಡಿಯಲ್ಲ."

"ನೀನು ಕೆಟ್ಟ ಹುಡುಗಿ ಅಲ್ಲ ಕಣೇ! ಯಾವತ್ತೂ ಆಗಿರ್ಲಿಲ್ಲ. ಯಾರು ಹೇಳಿದ್ರು ನಿಂಗೆ?"

ಅಮ್ಮನಿಗೆ ಬೇಜಾರಾಗುವ ಉತ್ತರವನ್ನು ಹೇಳಬಾರದು ಎನ್ನುವಷ್ಟು ಬುಗುರಿ ಈಗ ಜಾಣೆಯಾಗಿದ್ದಳು. ಕಾಜಾ ಅಕ್ಕ ಎದ್ದು, ಕೆಲಸವಿದ್ದವಳಂತೆ ಹೊರಗೆ ಹೋದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಸಾಕಾ ಅಮ್ಮಾ? ಕೈ ಇಳಿಸ್ಲಾ?"

ಟೈಲರಮ್ಮ ಮಗಳ ಹೊಟ್ಟೆಗೆ ಮುಖ ಒತ್ತಿಕೊಂಡಿದ್ದಳು. ಬುಗುರಿ ಕಾದಳು. ಅವಳ ತೋಳುಗಳು ಸಣ್ಣಗೆ ನಡುಗತೊಡಗಿದವು. ಇಳಿಸು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅವಳು ಇಳಿಸಲಿಲ್ಲ.