ಹತ್ತನೆಯ ಎಸೆತ

"ಕಣ್ಣು ಮುಚ್ಚು ಅಂದ್ರೆ ಮುಚ್ಚಬೇಕು ಚಿಕ್ಕಪ್ಪ. ಇಣುಕೋ ಹಾಗಿಲ್ಲ."

"ಮುಚ್ಚಿದೀನಮ್ಮ. ರೆಪ್ಪೆ ತೆಳ್ಳಗಿದ್ರೆ ನಾನೇನ್ ಮಾಡ್ಲಿ?"

ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಚಿಕ್ಕಪ್ಪ ಹುಲ್ಲುಗಾವಲಿಗೆ ಬೆನ್ನು ಮಾಡಿ, ದೊಡ್ಡದೊಂದು ತಂತಿಬಳೆ ಹಿಡಿದು ನಿಂತಿದ್ದರು. ಗಿಡಗಳ ಲೆಕ್ಕ ಹಾಕುವುದು ಅಣ್ಣನ ಮಗಳ ಕೆಲಸ. ಅದಕ್ಕೊಂದು ಪದ್ಧತಿಯಿದೆ: ನೋಡದೆ ಹಿಂದಕ್ಕೆ ಬಳೆ ಎಸೆಯಬೇಕು, ಬಿದ್ದಲ್ಲಿ ಒಳಗೇನಿದೆಯೋ ಅದನ್ನೇ ಬರೆಯಬೇಕು. ಹತ್ತು ಎಸೆತದಲ್ಲಿ ಐದರಲ್ಲಾದರೂ ಇಲ್ಲಿನ ಒಂದು ಬಗೆಯ ನೇರಳೆ ಹೂವು ಸಿಕ್ಕರೆ ಹುಲ್ಲುಗಾವಲು ಉಳಿಯುತ್ತದೆ. ಇಲ್ಲವಾದರೆ ಅಲ್ಲಿ ಲಾರಿ ನಿಲ್ದಾಣ.

ಮೊದಲ ಮೂರು ಎಸೆತಕ್ಕೂ ಹೂವೇ ಹೂವು. ಅನುಮಾನ ಬಂದು ನೋಡಿದರೆ ಚಿಕ್ಕಪ್ಪನ ಅಂಗೈಯಲ್ಲೊಂದು ಪುಟ್ಟ ಕನ್ನಡಿ.

"ಬಸ್ಸಿನ ಹಿಂದಿನ ಬಾಗಿಲನ್ನ ಕನ್ನಡೀಲಿ ನೋಡಿ ನೋಡಿ ಅಭ್ಯಾಸ ಕಣೆ. ನಿನ್ನ ಹೂವಿಗೋಸ್ಕರ ತಾನೆ!"

"ನಾಳೆ ಯಾರಾದ್ರೂ ಮತ್ತೆ ಎಣಿಸಿದ್ರೆ? ಕನ್ನಡಿ ತನ್ನಿ ಅನ್ಲಾ?"

ಮೂರೂ ಎಸೆತ ರದ್ದಾಗಿ ಲೆಕ್ಕ ಮೊದಲಿನಿಂದ ಶುರುವಾಯಿತು. ಗದರಿದಳೇನೋ ನಿಜ, ಹೂವು ಉಳಿಯಬೇಕೆಂಬ ಆಸೆ ಅವಳಿಗೇ ಹೆಚ್ಚು. ಆರು ಬೇಸಿಗೆ ಇಲ್ಲಿ ಮಂಡಿಯೂರಿ ಕಳೆದವಳು. ಸುತ್ತಲಿನದೆಲ್ಲ ಒಣಗಿ ನಿಂತಾಗ ಅರಳುವುದು ಈ ಹೂವೊಂದೇ. ನೆಲದೊಳಗೆ ಗೂಡು ಕಟ್ಟುವ ಪುಟ್ಟ ಜೇನ್ನೊಣಗಳಿಗೆ ಆ ಎರಡು ತಿಂಗಳು ಬೇರೆ ಊಟವಿಲ್ಲ. ಕೆಳಗಿನ ತೋಟಗಳಲ್ಲಿ ಕುಂಬಳದ ಬಳ್ಳಿ ಕಾಯಿ ಬಿಡುವುದು ಆ ನೊಣಗಳ ಓಡಾಟದಿಂದ. ಇದನ್ನು ಅವಳು ಎಲ್ಲರಿಗೂ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಳು.

ಸಾಕ್ಷಿಗೆ ಬಂದಿದ್ದ ಲಾರಿ ನಿಲ್ದಾಣ ಕಟ್ಟಿಸಲಿರುವ ಅಧಿಕಾರಿ ಮಾತ್ರ ಕೊಡೆಯಡಿ ನಿಂತಲ್ಲಿಂದಲೇ "ಬರೀ ಹುಲ್ಲು, ಮುಂದೆ" ಎನ್ನುತ್ತಿದ್ದರು.

ಒಂಬತ್ತು ಎಸೆತ ಮುಗಿದಾಗ ಹೂವು ಸಿಕ್ಕಿದ್ದು ನಾಲ್ಕರಲ್ಲಿ. ಹತ್ತನೆಯದಕ್ಕೆ ಅವಳು ಚಿಕ್ಕಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ ಮೂರು ಸುತ್ತು ತಿರುಗಿಸಿಬಿಟ್ಟಳು. ತಲೆ ಗಿರ್ರೆಂದು, "ರೈಟ್, ರೈಟ್!" ಎಂದು ಕೂಗಿ ಅವರು ಬೀಸಿ ಎಸೆದರು. ಬಳೆ ಕೊಡೆಯನ್ನು ಕೆಳಗೆ ಬೀಳಿಸಿ, ಅಧಿಕಾರಿಯ ಹೊಟ್ಟೆಯ ಬಳಿ ಕ್ಷಣ ತಡೆದು, ಕಾಲ ಸುತ್ತ ಕೂತಿತು.

"ಇದು ಲೆಕ್ಕಕ್ಕಿಲ್ಲ!"

"ಬಿದ್ದಲ್ಲೇ ಎಣಿಸ್ಬೇಕು ಅನ್ನೋ ಕಾಗದಕ್ಕೆ ನೀವೇ ಸಹಿ ಹಾಕಿದೀರಿ ಸಾರ್" ಎಂದರು ಚಿಕ್ಕಪ್ಪ, ಬಟ್ಟೆ ಬಿಚ್ಚುತ್ತ.

"ಹಾಗಾದ್ರೆ ಎಣಿಸಿ. ನಾನು, ನನ್ನ ಬೂಟು, ಹುಲ್ಲು!"

ಅವಳು ಮಂಡಿಯೂರಿ ಹುಲ್ಲಿನ ಎಸಳೆಸಳು ಸರಿಸಿ ನೋಡಿದಳು. ಹೂವಿಲ್ಲ.

"ಬಲಗಾಲು ಎತ್ತಿ ಸಾರ್."

ಏನಿಲ್ಲ.

"ಎಡಗಾಲು."

ಬೂಟಿನ ಹಿಮ್ಮಡಿಗೂ ಅಟ್ಟೆಗೂ ನಡುವಿನ ಸಂದಿಯಿದ್ದ ಜಾಗದಲ್ಲಿ, ಸೊಂಟ ಬಗ್ಗಿಸಿಕೊಂಡು, ಒಂದು ನೇರಳೆ ಹೂವು. ಎಳೆದು ನೋಡಿದಳು, ಬೇರು ಭದ್ರವಾಗಿತ್ತು. ಐದನೆಯ ಗೆರೆ ಎಳೆದಳು. ಚಿಕ್ಕಪ್ಪ ಎರಡು ಸಲ ಮೂಗೊರೆಸಿಕೊಂಡರು.

ಅಧಿಕಾರಿ ಸಿಡುಕುತ್ತ ಕಾಲಿಳಿಸಲು ಹೋದರು. ಅಷ್ಟರಲ್ಲಿ ಎಳ್ಳಿನಷ್ಟು ಪುಟ್ಟ ಜೇನ್ನೊಣವೊಂದು ಬಂದು ಹೂವಿನೊಳಗೆ ತಲೆ ತೂರಿಸಿತು. ಬೂಟು ಗಾಳಿಯಲ್ಲೇ ನಿಂತಿತು. ಅವರು ಕೈ ಚಾಚಿ ಚಿಕ್ಕಪ್ಪನ ಭುಜ ಹಿಡಿದು, ಒಂಟಿಕಾಲಲ್ಲಿ ಸ್ವಲ್ಪ ಹೊತ್ತು ತೂಗಾಡಿದರು.

"ಎಷ್ಟೊತ್ತು ತಿನ್ನತ್ತೆ ಇದು?" ಎಂದು ಪಿಸುಗುಟ್ಟಿದರು.