ಎತ್ತು ಕೇಳಿದ ದನಿ

ಮೊರಬದ ಈರಬಸಪ್ಪಗ ಊರಾಗ ಇನ್ನೊಂದು ಹೆಸರಿತ್ತು, ಯಾಕಪ್ಪ. ಸಣ್ಣಾವ ಇದ್ದಾಗಿಂದ ಅಂವಗ ಎಲ್ಲಾದಕ್ಕೂ ‘ಯಾಕ?’ ಬೇಕು. ಮಳಿ ಬಂದ್ರ ಯಾಕ, ಬರದಿದ್ರ ಯಾಕ, ಕೋಳಿ ಒಂದ ಕಾಲಮ್ಯಾಲ ಯಾಕ ನಿಂದರತೈತಿ. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ಲ, ಈರಬಸಪ್ಪನ ಮಟ್ಟಿಗೆ ಆ ಮಾತು ಅಗದಿ ಖರೇ ಆತು. ಐವತ್ತು ದಾಟಿದ ಮ್ಯಾಲ ಗಂಟಲದಾಗ ಕ್ಯಾನ್ಸರ್ ಗಂಟು ಕಾಣಿಸಿಕೊಂಡು, ಹುಬ್ಬಳ್ಳಿ ದವಾಖಾನಿಯಾಗ ಮಷೀನಿನ ಬುಡಕ ಮಲಗಿ, ಹೊರಗಿನ ತೊಗಲು ಕರ್ರಗ ಆಗೂವಂಗ ಸುಡಿಸಿಕೊಂಡು ಬಂದ. ಹಳ್ಳಿ ಮಂದಿ ಅದಕ್ಕ ‘ಕರೆಂಟ್ ಕೊಡೂದು’ ಅಂತಾರ. ಗಂಟು ಹೋತು. ‘ಯಾಕ’ ಹೋಗಲಿಲ್ಲ.

ಹೋಗಿದ್ದು ಬ್ಯಾರೆ. ದನಿ ಹೋಗಿ ಕರಕರ ಅನ್ನೂ ಒಂದೀಟು ಉಸಿರು ಉಳೀತು. ಬಾಯಾಗ ಜೊಲ್ಲು ಬತ್ತಿತು. ರುಚಿ ಹೋತು. ಡಾಕ್ಟರು ಮೊದಲ ಹೇಳಿ ಕಳಿಸಿದ್ರು, “ಜಡ್ಡು ಹೋಗೇತಿ, ಆದ್ರ ಔಷಧದ ಕಾಟ ಇನ್ನೂ ಭಾಳ ದಿನ ಇರತೈತಿ. ರುಚಿ ಬರಬಹುದು. ಜೊಲ್ಲು ಅರ್ಧಮರ್ಧ ಬಂದೀತು. ದನಿದು ಹೇಳಾಕ ಬರೂದಿಲ್ಲ. ನೀರು ಕುಡಕೋತ ಇರ್ರಿ.” ಈರಬಸಪ್ಪ ಯಾಕ ಅಂತ ಕೇಳಾಕ ಬಾಯಿ ತಗದ. ದನಿ ಹೊರಗ ಬರೂದರಾಗ ಡಾಕ್ಟರು ಮುಂದಿನ ಮಂಚಕ್ಕ ಹೋಗಿದ್ರು.

ಮತ್ತೊಬ್ಬ ಆಗಿದ್ರ ಹಣಿಗೆ ಕೈ ಹಚ್ಚಿ ಕುಂದ್ರತಿದ್ದ. ಇಂವಾ ತನ್ನ ಬಾಯಿನ ಪರೀಕ್ಷಾ ಮಾಡಾಕ ನಿಂತ. ಮುಂಜಾನೆದ್ದು ಒಂದ ಚೂರು ಬೆಲ್ಲ, ಒಂದ ಹರಳು ಉಪ್ಪು, ಒಂದ ಎಸಳು ಹುಣಸಿಹಣ್ಣು ಮುಂದ ಇಟ್ಟಗೊಂಡು ಒಂದೊಂದ ನಾಲಿಗಿ ಮ್ಯಾಲ ಇಡೂದು, ಕಣ್ಣು ಮುಚ್ಚೂದು. ಬೆಲ್ಲ ಹೊಲದ ಮಣ್ಣಹೆಂಟಿಯಂಗ ಇರತಿತ್ತು. ಮೆಣಸಿನಕಾಯಿ ಉರೀತಿತ್ತು, ಖಾರ ಇರಲಿಲ್ಲ. ಉರಿ ಬ್ಯಾರೆ, ಖಾರ ಬ್ಯಾರೆ ಅಂತ ಅಂವಗ ಗೊತ್ತಾಗಿದ್ದು ಆವಾಗ, ಮತ್ತ ಆ ಹೊಸಾ ಸುದ್ದಿಯಿಂದ ಅಂವಗ ಇಡೀ ದಿನ ಖುಷಿ ಆಗಿತ್ತು.

“ಉಪ್ಪಿಗಿಂತ ರುಚಿ ಇಲ್ಲ ಅಂತಾರ,” ಅಂತ ಹೆಂಡತಿ ಅನ್ನವ್ವಗ ಪಿಸುಗುಟ್ಟಿದ. “ನನಗ ಉಪ್ಪೂ ರುಚಿ ಇಲ್ಲ. ಹಂಗಾರ ಗಾದಿಮಾತು ಸುಳ್ಳೋ, ನಾಲಿಗಿ ಸುಳ್ಳೋ?”

“ಗಾದಿ ಬಾಜೂಕ ಇಡ್ರಿ. ಮೊದಲ ನುಚ್ಚು ನುಂಗ್ರಿ,” ಅಂದ್ಲು ಅನ್ನವ್ವ. ರೊಟ್ಟಿ ಗಂಟಲದಾಗ ಇಳೀತಿರಲಿಲ್ಲ, ಅದಕ್ಕ ಆಕಿ ದಿನಾ ಜ್ವಾಳದ ನುಚ್ಚು ಮೆತ್ತಗ ಕುದಿಸಿ, ಮಜ್ಜಿಗಿ ಹಾಕಿ ಕೊಡತಿದ್ಲು. ಆಕಿ ಮಾತು ಕಡಿಮಿ, ಕೆಲಸ ಜಾಸ್ತಿ.

ಇದೆಲ್ಲಾ ತಡಕೊಂಡಾನು. ತಡಕೊಳ್ಳಾಕ ಆಗದ್ದು ಎತ್ತಿಂದು. ಕೆಂದ್ಯಾ, ಮಾಸ್ಯಾ ಅಂತ ಜೋಡೆತ್ತು, ಮನ್ಯಾಗ ಹುಟ್ಟಿದ ಕರಾ. ಈರಬಸಪ್ಪನ ಕೈಯಾಗ ಬಾರಕೋಲು ಹೆಸರಿಗಷ್ಟ ಇತ್ತು, ಎಲ್ಲಾ ಕೆಲಸ ದನೀಲೆ. ಅಂವಾ ಬೆಣ್ಣಿಹಳ್ಳದ ದಂಡಿಯ ಹೊಲದಾಗ ‘ಹೋ’ ಅಂತ ಎಳದು ಕೂಗಿ, ಕಡೀಕ ನಾಲಿಗಿ ಟಕ್ ಅನ್ನಿಸಿದ್ರ ಎತ್ತು ತಾವ ಹೊರಳತಿದ್ವು, ಊರಾಗಿನ ಮಂದಿ ‘ಯಾಕಪ್ಪ ಕಡೀ ಸಾಲಿಗೆ ಬಂದ ನೋಡು’ ಅಂತಿದ್ರು. ದವಾಖಾನಿಯಿಂದ ಬಂದಾಗ ಎರಡೂ ಅಂವನ್ನ ಮೂಸಿದ್ವು, ಕೈ ನೆಕ್ಕಿದ್ವು. ಆದ್ರ ನೊಗ ಹೊತ್ತಮ್ಯಾಲ ಅಂವಾ ಕರಕರ ಅಂದ್ರ ಕಿವಿ ಅಲ್ಲಾಡಿಸಿ ನಿಂತಬಿಟ್ವು. ನಾಲಿಗಿ ಟಕ್ ಅನ್ನಿಸಾಕ ಹೋದ್ರ ಒಣ ನಾಲಿಗಿ ಅಂಗುಳಕ್ಕ ಅಂಟಿಕೊಂಡು ಸಪ್ಪಳನ ಬರಲಿಲ್ಲ. ಗುಟುಕು ನೀರು ಕುಡದ ಮ್ಯಾಲ ಒಂದೆರಡು ಸಲ ಬಂತು, ಮತ್ತ ನಿಂತಿತು. ಜೊಲ್ಲಿಲ್ಲದ ನಾಲಿಗಿಗೆ ಸಪ್ಪಳ ಇಲ್ಲ ಅನ್ನೂದು ಅಂವನ ಎರಡನೇ ಹೊಸಾ ಸುದ್ದಿ. ಇದರಿಂದ ಖುಷಿ ಆಗಲಿಲ್ಲ.

ತಮ್ಮ ಮಡಿವಾಳೆಪ್ಪ ದವಾಖಾನಿಯಾಗ ಇಷ್ಟು ದಿನ ಜೋಡಿ ಇದ್ದು ಅಣ್ಣನ ಕಫ ಬಳದಾಂವ, ಕೆಟ್ಟಾಂವ ಅಲ್ಲ. ಅಂವಾ ನೆಟ್ಟಗ ಹೇಳಿದ. “ಅಣ್ಣಾ, ಹಿಂಗಾರಿ ಬಿತ್ತಿಗಿ ಬಂತು. ಈ ಸಲ ನೀ ಕೂರಿಗಿ ಹೊಡದ್ರ ಹೊಡಿ. ಆಗಲಿಲ್ಲಂದ್ರ ಎತ್ತು ಸಂತಿಗೆ ಹೊಡಕೊಂಡು ಹೋಗೂಣು, ಹೊಲ ಬ್ಯಾರೇದವರಿಗೆ ಲಾವಣಿ ಮ್ಯಾಲ ಗೇಯಾಕ ಕೊಡೂಣು. ನೀ ಕಟ್ಟಿ ಮ್ಯಾಲ ಆರಾಮ ಕುಂದರು.” ಕಟ್ಟಿ ಮ್ಯಾಲ ಆರಾಮ ಕುಂದರೂದು ಅಂದ್ರ ಏನು ಅಂತ ಈರಬಸಪ್ಪಗ ಗೊತ್ತಿತ್ತು. ಅಂವಗ ಹೆದರಿಕಿ ಆತು. ಗಂಟು ಅಂದಾಗ ಸೈತ ಇಷ್ಟು ಹೆದರಿರಲಿಲ್ಲ.

ಇಷ್ಟು ದಿನ ಎತ್ತು ನೋಡಿಕೊಂಡು, ಹೊಲ ಹರಗಿದಾಂವ ಬಾಜೂ ಮನಿ ಹೊಳಬಸಪ್ಪ. ಅಂವನ್ನ ಕರದು ಕುಂದರಿಸಿದ.

“ಎತ್ತು ನನ್ನ ಮಾತು ಯಾಕ ಕೇಳವಲ್ವು?”

ಹೊಳಬಸಪ್ಪ ಅತ್ತಿತ್ತ ನೋಡಿದ. “ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೈಯಾಗ ಇನ್ನೂ ಕರೆಂಟ್ ಐತ್ರಿ. ಅಷ್ಟು ದಿನ ಕೊಟ್ಟಾರಂದ್ರ ಎಲ್ಲಿಗಿ ಹೋಗಬೇಕ್ರಿ ಅದು? ದನಕ್ಕ ಗೊತ್ತಾಕ್ಕೈತಿ.”

ಮತ್ತೊಬ್ಬ ಆಗಿದ್ರ ಬೈತಿದ್ದ. ಈರಬಸಪ್ಪಗ ಹೌದೇನೋ ಅನ್ನಿಸಿತು. ಎದ್ದು ಹಿಟ್ಟಿನ ಗಿರಣಿಗೆ ಹೋಗಿ ಟೆಸ್ಟರ್ ಇಸಗೊಂಡು ಬಂದು, ಹೊಳಬಸಪ್ಪನ ಮುಂದನ ಕುತಿಗಿಗೆ ಹಚ್ಚಿದ. ದೀಪ ಹತ್ತಲಿಲ್ಲ. ನಾಲಿಗಿಗೆ ಹಚ್ಚಿದ. ಹತ್ತಲಿಲ್ಲ.

“ಅದು ಹುಬ್ಬಳ್ಳಿ ಕರೆಂಟ್ರಿ. ನಮ್ಮ ಗಿರಣಿ ಟೆಸ್ಟರಿಗೆ ತಿಳಿಯಾಂಗಿಲ್ಲ,” ಅಂದ ಹೊಳಬಸಪ್ಪ.

ಈರಬಸಪ್ಪ ನಕ್ಕ. ನಗೂದು ಕೆಮ್ಮಾಗಿ, ಕೆಮ್ಮು ನಿಂದರಾಕ ಅರ್ಧ ತಂಬಿಗಿ ನೀರು ಬೇಕಾತು. ಆಮ್ಯಾಲ ಕೇಳಿದ, “ನಿನ್ನ ಮಾತು ಹೆಂಗ ಕೇಳಿದ್ವು? ನಿನ್ನ ಮೈಯಾಗ ಏನೈತಿ?”

“ನನ್ನ ಮಾತೆಲ್ಲಿ ಕೇಳತಿದ್ವ್ರಿ? ನೀವು ಹೋದ ಹೊಸದಾಗ ಮೇವು ಸೈತ ಮುಟ್ಟಲಿಲ್ಲ. ಆಮ್ಯಾಲ ನಮ್ಮ ಅನ್ನವ್ವ ಚಿಗವ್ವ ಕೊಟಗಿಯಾಗ ಏನ ಮಾಡತಿದ್ಲೋ ಏನೋ, ನನ್ನ ಕೈಯಾಗ ಹಗ್ಗ ಕೊಡೂದರಾಗ ಅಗದಿ ಮೆತ್ತಗಾಗಿರತಿದ್ವು.”

ಇದು ಒಳ್ಳೇ ‘ಯಾಕ’ ಆತು. ಅವತ್ತ ಸಂಜೀಕ ಅನ್ನವ್ವಗ ಕೇಳಿದ, ಎತ್ತಿಗೆ ಏನು ತಿನ್ನಿಸತಿದ್ದಿ ಅಂತ. “ಏನ ತಿನ್ನಸ್ಲಿ? ಕಣಕಿ, ಹಿಂಡಿ,” ಅಂದು ಆಕಿ ಒಲಿ ಕಡೆ ಹೊಳ್ಳಿದ್ಲು. ಮರುದಿನ ಈರಬಸಪ್ಪ ತನ್ನ ಕೈಯಿಂದ ಹಿಂಡಿ ತಿನ್ನಿಸಿದ, ಕೊರಳಿಗೆ ಗೆಜ್ಜಿ ಕಟ್ಟಿದ, ಆಕಿ ವಾಸನಿ ಬರಲಿ ಅಂತ ಅನ್ನವ್ವನ ಹಳೇ ಸೀರಿ ತುಂಡು ಹೆಗಲಮ್ಯಾಲ ಹಾಕ್ಕೊಂಡ. ಎತ್ತು ಹಿಂಡಿ ತಿಂದ್ವು, ನೊಗ ಹೊತ್ತಮ್ಯಾಲ ನಿಂತಲ್ಲೆ ನಿಂತ್ವು.

ಚೌತಿ ಕಳದು ಕರಿ ಎರಿಮಣ್ಣಿನ ಹೊಲದಾಗ ನೆಲದ ಹಸಿ ಹದಕ್ಕ ಬಂತು. ಹಸಿ ಯಾರಿಗೂ ಕಾಯೂದಿಲ್ಲ. ಬಿಸಲು ನಾಕು ದಿನ ಜೋರಾದ್ರ ಎರಿ ಬಿರಕು ಬಿಡತೈತಿ, ಬೀಜ ಒಣ ಮಣ್ಣಿಗೆ ಬಿದ್ದು ಹಾಳು. ಈರಬಸಪ್ಪ ಕೂರಿಗಿ ಪೂಜಿ ಮಾಡಿ, ನೀರಿನ ತಂಬಿಗಿ ಹಗ್ಗದಿಂದ ಹೆಗಲಿಗೆ ಕಟ್ಟಿಕೊಂಡು ಹೊಲಕ್ಕ ಬಂದ. ಅನ್ನವ್ವ ಬಿಳಿಜ್ವಾಳ ಉಡಿಯಾಗ ಕಟ್ಟಿಕೊಂಡು ಹಿಂದ ನಿಂತ್ಲು. ಕೂರಿಗಿ ಹಿಂದ ನಡಕೋತ ಮ್ಯಾಲಿನ ಬಟ್ಟಲದಾಗ ಬೀಜ ಬಿಡೂದು ನಮ್ಮ ಕಡೆ ಹೆಂಗಸರ ಕೆಲಸ. ಎತ್ತು ಹೊಡಿಯೂದು ಗಂಡಸರದು. ಹೆಂಗಸು ಎತ್ತಿಗೆ ಕೂಗಿದ್ರ ಮಂದಿ ಗಂಡಗ ನಗತಾರ. ಮಡಿವಾಳೆಪ್ಪ, ಹೊಳಬಸಪ್ಪ ಇಬ್ರೂ ಬದುವಿನ ಮ್ಯಾಲ ಕುಂತಿದ್ರು, ಕಂಡರೂ ಕಾಣದಂಗ.

ಮೊದಲನೇ ಸಾಲು ಹೆಂಗೋ ಹೋತು. ನೀರು ಕುಡಿ, ಟಕ್ ಅನ್ನು, ಹಗ್ಗ ಜಗ್ಗು, ಮತ್ತ ನೀರು ಕುಡಿ. ಹಳ್ಳದ ದಂಡೀಗೆ ಹೊರಳೂ ಮುಂದ ಎತ್ತು ನಿಂತ್ವು. ಈರಬಸಪ್ಪ ಕೂಗಿದ. ತನಗ ಕೇಳಿಸಲಿಲ್ಲ, ಎತ್ತಿಗೆಲ್ಲಿ ಕೇಳಬೇಕು? ತಂಬಿಗಿ ಬರಿದಾಗಿತ್ತು. ಬಿಸಲು ಏರಿತು. ಮಡಿವಾಳೆಪ್ಪ ಎದ್ದು ಧೋತರದ ಮಣ್ಣು ಝಾಡಿಸಿದ. ಈರಬಸಪ್ಪಗ ಕಣ್ಣೀರು ಬಂದ್ವು. ಬಾಯಾಗಿಲ್ಲದ ನೀರು ಕಣ್ಣಾಗ ಯಾಕ ಐತಿ ಅಂತ ಆವಾಗೂ ಅಂವಗ ಅನ್ನಿಸಿತು, ಹುಟ್ಟುಗುಣ ನೋಡ್ರಿ.

ಆವಾಗ ಹಿಂದಿಂದ ಒಂದು ಕೂಗು ಬಂತು.

“ಹೋ... ಕೆಂದ್ಯಾ, ಹೊಳ್ಳೋ ನಮ್ಮಪ್ಪಾ, ಹೊಳ್ಳು...” ಉದ್ದಕ ಎಳದು, ನಡುವ ಒಂದೀಟು ತಗ್ಗಿಸಿ, ಕಡೀಕ ಟಕ್.

ಎತ್ತು ಕಿವಿ ನಿಮಿರಿಸಿದ್ವು, ಹೊಳ್ಳಿದ್ವು. ಈರಬಸಪ್ಪ ಹಗ್ಗ ಹಿಡಕೊಂಡು ನಾಕು ಹೆಜ್ಜಿ ಹೋದಮ್ಯಾಲ ಹಿಂದ ನೋಡಿದ. ಅನ್ನವ್ವ ಸೆರಗು ಬಾಯಿಗಿ ಒತ್ತಿಕೊಂಡಿದ್ಲು. ಮಾರಿ ಕೆಂಪಾಗಿತ್ತು.

“ನಡೀರಿ, ಬೀಜ ಒಂದ ಕಡೆ ಬೀಳತಾವು,” ಅಂದ್ಲು.

“ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ನೀವು ಹೋದಮ್ಯಾಲ ಮೇವು ಬಿಟ್ವು. ಉಪಾಸ ಬಿದ್ದು ಸಾಯತಾವ ಅಂತ ಒಂದಿನ ನಿಮ್ಮಂಗ ಕೂಗಿದೆ. ತಿಂದ್ವು. ಆಮ್ಯಾಲ ದಿನಾ ಕೊಟಗಿ ಬಾಗಲಾ ಹಾಕ್ಕೊಂಡು ಕೂಗತಿದ್ದೆ. ನೀವು ಬಂದ ಮ್ಯಾಲ, ನಿಮ್ಮ ದನಿ ಹೋದದ್ದು ನೋಡಿ, ನಾ ಅದನ್ನ ಮಾಡಿ ತೋರಿಸಿದ್ರ ನಿಮಗ ಅಣಕಿಸಿದಂಗ ಆಕ್ಕಿತ್ತಲ್ರಿ?”

ಅಂಗೈಯಾಗ ಬೆಣ್ಣಿ ಇಟ್ಟಗೊಂಡು ತುಪ್ಪಕ್ಕ ಊರೆಲ್ಲಾ ಅಲದ್ರಂತ. ಈರಬಸಪ್ಪ ಅಲದದ್ದು ಟೆಸ್ಟರಿಗೆ. ಬದುವಿನ ಮ್ಯಾಲ ಹೊಳಬಸಪ್ಪ ಬಾಯಿ ತಗದು ಕುಂತಿದ್ದ. ಮಡಿವಾಳೆಪ್ಪ ಎದ್ದಾಂವ ಸುಮ್ಮನ ಮತ್ತ ಕುಂತ. ಯಾರೂ ನಗಲಿಲ್ಲ.

ಸಾಲಿನ ಮ್ಯಾಲ ಸಾಲು ಬಿತ್ತಿಗಿ ನಡೀತು. ಅಂವನ ಕೈ, ಆಕಿ ದನಿ. ಈರಬಸಪ್ಪನ ತಲಿಯಾಗ ಮಾತ್ರ ಒಂದು ಹೊಸಾ ‘ಯಾಕ’ ಹುಟ್ಟಿತ್ತು. ಇಷ್ಟು ವರ್ಷ ಊರಿಗೆಲ್ಲಾ ಕೇಳೂವಂಗ ಕೂಗಿದಾಂವ, ತನ್ನ ದನಿ ಹೊರಗ ಹೆಂಗ ಕೇಳತೈತಿ ಅಂತ ಅಂವಗ ಯಾವತ್ತೂ ಗೊತ್ತಿರಲಿಲ್ಲ. ಊರಾಗ ಟೇಪ್ ರೆಕಾರ್ಡರ್ ಇದ್ದಿದ್ದು ಒಂದ, ಅದು ಮಠದಾಗ. ಎತ್ತಿಗೆ ಕೂಗೂದನ್ನ ಯಾರು ತುಂಬಿಸಿ ಇಡತಾರ?

“ನಾ ಖರೇನ ಹಿಂಗ ಕೂಗತಿದ್ನ?” ಅಂತ ಕೇಳಿದ.

“ಹಿಂಗ ಕೂಗತಿದ್ರಿ.”

“ನಡುವ ತಗ್ಗಿಸತಿದ್ನ?”

“ತಗ್ಗಸತಿದ್ರಿ. ‘ನಮ್ಮಪ್ಪಾ’ ಅನ್ನೂ ಮುಂದ.”

ಯಾಕ ಅಂತ ಆಕಿನ ಕೇಳಲಿಲ್ಲ. ಇನ್ನರ್ಧ ಹೊಲ ಉಳಿದಿತ್ತು. ಸಾಲಿನ ನಟ್ಟನಡುವ ಎತ್ತು ನಿಂತ್ವು. ಅನ್ನವ್ವ ಅಂವನ ಕೈ ನೋಡಿದ್ಲು. ಹಗ್ಗ ಬಿಗಿಯಾಗಿತ್ತು, ಜಗ್ಗಿ ಎತ್ತು ನಿಲ್ಲಿಸಿದಾಂವ ಈರಬಸಪ್ಪನೇ. ಆಕಿ ಉಡಿ ಸರಿಮಾಡಿಕೊಂಡು, ಸೆರಗು ಬಾಯಿಂದ ಪೂರಾ ತಗದು, ಬೆಣ್ಣಿಹಳ್ಳದ ಆಚಿ ದಂಡೀಗೂ ಕೇಳೂವಂಗ ಕೂಗಿದ್ಲು. ಕೂಗು ಪೂರಾ ಮುಗಿಯೂ ತನಕ ಈರಬಸಪ್ಪ ಕಿವಿಗೊಟ್ಟು ನಿಂತ, ಹಗ್ಗ ಬಿಡಲಿಲ್ಲ.