ಬಾವಿಗೆ ಬಿದ್ದ ಅಳಿಯ ಮತ್ತು ನಾನು

ನಾನೊಂದು ತಗಡಿನ ಬಕೆಟ್ಟು. ಮದ್ದೂರಿನ ಒಂದು ಸಣ್ಣ ಅಂಗಡಿಯಲ್ಲಿ ಸುತ್ತಿಗೆಯ ಏಟು ತಿನ್ನುತ್ತಲೇ ಹುಟ್ಟಿದೆ. ಕಿವಿಗೆ ಹಿಡಿ ಸಿಕ್ಕಿಸಿದ ದಿನವೇ ಸಾಕಮ್ಮ ಬಂದು ನನ್ನನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ, "ಗಟ್ಟಿಮುಟ್ಟಾಗಿ ಅದೆ" ಎಂದು ಕೊಂಡು ತಂದಳು.

ಅವಳದು ಒಂದು ತುಂಡು ರಾಗಿ ಹೊಲ, ನಾಲ್ಕು ಸಾಲು ಬದನೆ, ಕೆಂಪಿ ಎಂಬ ಹಸು, ಅದರ ಕರು, ಒಂದಷ್ಟು ಕೋಳಿ. ಹಿತ್ತಿಲಲ್ಲಿ ಬಾವಿ. ಗಂಡ ತೀರಿಕೊಂಡ ಮೇಲೆ ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳು. ಅವಳಲ್ಲಿದ್ದ ಒಂದೇ ತೊಂದರೆಯೆಂದರೆ, ಯಾರೊಡನೆಯಾದರೂ ಮಾತು ಬಿಟ್ಟರೆ ಬಿಟ್ಟಂತೆಯೇ. ತಾಮ್ರದ ಚೆಂಬು ಕಳೆದಾಗ ಪಕ್ಕದ ಮನೆಯ ಜಯಮ್ಮನ ಮೇಲೆ ಅನುಮಾನಪಟ್ಟು ಮಾತು ಬಿಟ್ಟಳು. ಮಗಳು ಪವಿತ್ರ ಮಂಡ್ಯದ ಟೈಲರ್ ದಿನಕರನನ್ನು ತಾನೇ ಮೆಚ್ಚಿ ಮದುವೆಯಾದಾಗ, ಆ ಅಳಿಯನೊಡನೆಯೂ ಮಾತು ಬಿಟ್ಟಳು.

ಹೀಗಿರುವಾಗ ಬದುವಿನ ಮೇಲೆ ಜಾರಿ ಸಾಕಮ್ಮನ ಕಾಲು ಉಳುಕಿತು. ಮಗಳು ತುಂಬು ಬಸುರಿ. ಬಸ್ಸಿನ ಕುಲುಕಾಟ ಬೇಡವೆಂದಿದ್ದರು ಡಾಕ್ಟರು. ಹಾಗಾಗಿ ಗಂಡನನ್ನೇ ಕಳಿಸಿದಳು. ಬೆಳಗಿನ ಬಸ್ಸಿಗೆ ದಿನಕರ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದಿಳಿದ.

ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಸಾಕಮ್ಮ ಅವನತ್ತ ನೋಡಲಿಲ್ಲ. ನನ್ನತ್ತ ನೋಡಿದಳು.

"ಏ ಬಕೆಟ್ಟು, ಹಸಿನ ಹಾಲು ಕರೀಬೇಕು. ಬಂದಿರೋರ್ಗೆ ಹೇಳು."

ದಿನಕರ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅವನೂ ನನ್ನತ್ತ ಬಾಗಿದ. "ಆಗ್ಲಿ ಅಂತ ಹೇಳಪ್ಪ ಬಕೆಟ್ಟು."

ಹೇಳಿದ್ದೇ ತಡ, ನನ್ನನ್ನೇ ಎತ್ತಿಕೊಂಡು ಕೊಟ್ಟಿಗೆಗೆ ನಡೆದ.

"ಬಕೆಟ್ಟೇ, ನೀನು ನೀರಿಗೆ ಇರೋನು. ಹಾಲಿನ ಪಾತ್ರೆ ಒಳಗದೆ!" ಎಂದು ಸಾಕಮ್ಮ ಕೂಗುವಷ್ಟರಲ್ಲಿ ಅವನು ಕುಕ್ಕರುಗಾಲಲ್ಲಿ ಕೂತಾಗಿತ್ತು, ಅದೂ ಕೆಂಪಿಗೆ ಆಗದ ಮಗ್ಗುಲಲ್ಲಿ. ಹಾಲು ನಾಲ್ಕು ಬೆರಳು ಏರಿತ್ತು. ಕೆಂಪಿ ಒದ್ದಳು. ನಾನು ತಿಪ್ಪೆಗೆ, ಹಾಲು ಪ್ಯಾಂಟಿಗೆ.

ನನ್ನನ್ನು ತೊಳೆದು ಬೂಸಾ ಕಲಸಿದ. ಅಂಗಳದಲ್ಲಿಟ್ಟು ಕೈ ಒರೆಸಿಕೊಳ್ಳಲು ತಿರುಗಿದನಷ್ಟೇ, ಕೋಳಿಗಳೆಲ್ಲ ನನ್ನ ಮೇಲೆ ಏರಿದವು. ಅವುಗಳನ್ನು ಅಟ್ಟಿಕೊಂಡು ಓಡಿದಾಗ ಬೇಲಿಯ ಗೇಟು ತೆರೆದುಕೊಂಡಿತು. ಕರು ನೇರ ಬದನೆ ಸಾಲಿಗೆ ನುಗ್ಗಿತು. ಕರುವನ್ನು ಹಿಡಿಯಲು ಹೋಗಿ ಬೇಲಿಯ ಮುಳ್ಳಿಗೆ ಪ್ಯಾಂಟು ಪರ್‍ರೆಂದು ಹರಿಯಿತು.

"ಬಕೆಟ್ಟೇ, ಟೈಲರ್ ಯಾರಾದ್ರೂ ಗೊತ್ತೇನೋ ಕೇಳು," ಎಂದಳು ಸಾಕಮ್ಮ. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅವನು ಹಗ್ಗಕ್ಕೆ ನನ್ನನ್ನು ಕಟ್ಟಿ ಬಾವಿಗೆ ಇಳಿಬಿಟ್ಟ. ಗುಂಡಿ ಹೊಲೆಯುವ ಕೈಗೆ ಹಗ್ಗದ ಗಂಟು ಹೊಸದು. ಅದು ಬಿಚ್ಚಿತು. ನಾನು ಗುಳುಗುಳು ಎನ್ನುತ್ತ ತಳ ಸೇರಿದೆ.

ಹೇಗಾದರೂ ನನ್ನನ್ನು ಎತ್ತಲೇಬೇಕೆಂದು ಅವನು ಬಾವಿಯ ಗೋಡೆಗೆ ಚಾಚಿದ್ದ ಕಲ್ಲುಗಳ ಮೇಲೆ ಕಾಲಿಡುತ್ತ ಇಳಿದ. ಪಾಚಿಗೆ ಕಾಲು ಜಾರಿತು. ದಪ್ಪೆಂದು ನೀರಿಗೆ ಬಿದ್ದ.

ಆ ಸದ್ದು ಮೇಲೆ ಸಾಕಮ್ಮನಿಗೆ ಕೇಳಿಸಿತು. ಜಗಲಿಯಿಂದ ಒಂಟಿಕಾಲಲ್ಲಿ ಕುಂಟುತ್ತ ಓಡಿಬಂದಳು.

"ಅಳಿಯಂದ್ರೇ! ಓ ದಿನಕರಪ್ಪಾ! ಮಾತಾಡ್ರಪ್ಪೋ!"

"ಇಲ್ಲಿದೀನಿ ಅತ್ತೆ. ನೀರು ಎದೆಮಟ್ಟ ಅದೆ. ಹತ್ತೋಕಾಗ್ತಿಲ್ಲ."

"ಜಯಾ! ಲೇ ಜಯಾ, ಬಾರೇ! ನನ್ನ ಮಗಳ ಬಾಳು ಬಾವೀಲದೆ ಕಣೇ!"

ಜಯಮ್ಮ ಮುನಿಸು ಗಿನಿಸು ನೋಡದೆ ತಮ್ಮ ಎತ್ತಿನ ಹಗ್ಗದೊಂದಿಗೆ ಓಡಿ ಬಂದಳು. ಅಷ್ಟರಲ್ಲಿ ದಿನಕರ ಕಾಲಿನಿಂದಲೇ ತಡಕಿ ನನ್ನನ್ನು ಪತ್ತೆಮಾಡಿದ್ದ. ಮೊದಲು ನಾನು ಮೇಲೆ ಬಂದೆ. ಆಮೇಲೆ ಹಗ್ಗದ ಇನ್ನೊಂದು ತುದಿಯನ್ನು ಬಾವಿಯ ಪಕ್ಕದ ಮರಕ್ಕೆ ಸುತ್ತಿ ಇಬ್ಬರೂ ಎಳೆದಾಗ ಅಳಿಯ ಬಂದ.

ಜಯಮ್ಮ ನನ್ನೊಳಗಿನ ಕೆಸರು ಚೆಲ್ಲಿದಳು. ಠಣ್ಣೆಂದು ಬಿದ್ದದ್ದು ಹಸಿರುಗಟ್ಟಿದ ತಾಮ್ರದ ಚೆಂಬು.

ಜಯಮ್ಮ ಅದನ್ನು ಸೆರಗಿನಿಂದ ಒರೆಸಿ ಸಾಕಮ್ಮನ ಮುಂದೆ ಇಟ್ಟಳು. "ತಗಳಕ್ಕ. ಬಾವಿ ಕದ್ದಿತ್ತು."

ಸಾಕಮ್ಮನ ಮುಖ ಕೆಂಪಾಯಿತು. "ತಪ್ಪಾಯ್ತು ಕಣೇ ಜಯಾ. ಕಾಪಿ ಕುಡ್ಕೊಂಡು ಹೋಗು."

"ಹಾಲು ಎಲ್ಲದೆ ನಿಮ್ಮನೇಲಿ? ಎಲ್ಲಾ ನಿಮ್ಮಳಿಯನ ಪ್ಯಾಂಟಲ್ಲೇ ಅದೆ," ಎಂದು ಬೆಳಗಿನ ರಂಪವನ್ನು ಬೇಲಿಯಾಚೆಯಿಂದ ನೋಡಿದ್ದ ಜಯಮ್ಮ ತನ್ನ ಮನೆಯಿಂದಲೇ ಹಾಲು ತಂದಳು.

ಒಲೆ ಹಚ್ಚಲು ಎದ್ದ ದಿನಕರನನ್ನು ಸಾಕಮ್ಮ ತಡೆದಳು. "ನೀವು ಕುಂತ್ಕಳಿ. ಮನೆ ಒಂದಾದ್ರೂ ಉಳೀಲಿ." ಲೋಟ ಕೈಗಿಡುತ್ತ, "ಪವಿತ್ರನ್ನ ಬಾಣಂತನಕ್ಕೆ ಇಲ್ಲಿಗೇ ಕರ್ಕಬನ್ನಿ. ಬಸ್ಸಲ್ಲಿ ಬ್ಯಾಡ, ಕಾರು ಮಾಡ್ಕಂಡು ನಿಧಾನಕ್ಕೆ ಬನ್ನಿ," ಎಂದಳು.

ದಿನಕರ ತಲೆ ತಗ್ಗಿಸಿ ಕಾಫಿಯನ್ನು ಊದುತ್ತಲೇ ಇದ್ದ. ಅದು ಆಗಲೇ ಆರಿತ್ತು.

ಆ ಮನೆಯಲ್ಲಿ ಹುಟ್ಟಿದ ಹೆಣ್ಣುಕೂಸಿನ ಸ್ನಾನಕ್ಕೆ ನೀರು ಹೊತ್ತವನು ನಾನೇ. ಈಗ ನನ್ನ ತಳ ತುಕ್ಕು ಹಿಡಿದು ತೂತಾಗಿದೆ. ಹುಲ್ಲಿನ ಮೆದೆಯ ಪಕ್ಕದಲ್ಲಿ ನನ್ನನ್ನು ಮಲಗಿಸಿ, ಒಳಗೆ ಕೋಳಿಯೊಂದನ್ನು ಕಾವಿಗೆ ಕೂರಿಸಿದ್ದಾರೆ. ನೀರು ನಿಲ್ಲದ ಮೈಯಲ್ಲಿ ಬಿಸುಪು ನಿಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ. ಇಂದು ಬೆಳಗಿನಿಂದ ಒಂದು ಮೊಟ್ಟೆಯೊಳಗಿಂದ ಯಾರೋ ಕುಟುಕುತ್ತಿದ್ದಾರೆ. ನಾನು ಅಲುಗಾಡದೆ ಮಲಗಿದ್ದೇನೆ.